ಮಾವನ ಬಂದೂಕು, ನನ್ನ ಪಾಲಿಗೆ ಬಂದ ಕಟ್ಟಿಗೆ

ಮೊದಲೇ ಹೇಳಿಬಿಡುತ್ತೇನೆ. ನಾನು ರಿಪೇರಿ ಮಾಡಿದ್ದು ಬಂದೂಕನ್ನಲ್ಲ, ಬಂದೂಕಿನ ಕಟ್ಟಿಗೆಯನ್ನು. ಎರಡಕ್ಕೂ ಬಹಳ ಫರಕು ಇದೆ. 1959ರ ಶಸ್ತ್ರಾಸ್ತ್ರ ಕಾಯ್ದೆ ಪ್ರಕಾರ ಬಂದೂಕು ರಿಪೇರಿ ಮಾಡಲಿಕ್ಕೂ ಲೈಸೆನ್ಸ್ ಬೇಕು. ನನ್ನ ಹತ್ತಿರ ಇರುವ ಲೈಸೆನ್ಸ್ ಸ್ಕೂಟರಿನದು ಮಾತ್ರ. ಹಾಗಾಗಿ ಮಾವ ತಾವೇ ಹಾನಗಲ್ಲಿನಿಂದ ಬಂದೂಕು ತಂದು ಹುಬ್ಬಳ್ಳಿಯ ಲೈಸೆನ್ಸ್ ಇರುವ ಅಂಗಡಿಗೆ ಕೊಟ್ಟರು. ಅಲ್ಲಿನ ಮಿಸ್ತ್ರಿ ಕಟ್ಟಿಗೆ ಬಿಚ್ಚಿ ನನ್ನ ಕೈಗಿಟ್ಟರು. ಕಬ್ಬಿಣ ಅಂಗಡಿಯಲ್ಲೇ ಉಳಿಯಿತು, ಕಟ್ಟಿಗೆ ಧಾರವಾಡಕ್ಕೆ ಬಂತು. ನಾನು ಭಾನುವಾರದ ಬಡಿಗ. ಮಂಚದ ಕಾಲು, ತೊಟ್ಟಿಲು, ಕಿಟಕಿ ಚೌಕಟ್ಟು ನನಗೆ ಗೊತ್ತು. ಬಂದೂಕಿನ ಕಟ್ಟಿಗೆ ಇದೇ ಮೊದಲು.

ಬಂದೂಕು ಇಛಾಪುರದ ಸರ್ಕಾರಿ ಕಾರ್ಖಾನೆಯ .315 ರೈಫಲ್. ಈ ಅಂಕಿ ನಳಿಗೆಯ ತೂತಿನ ಅಳತೆ, ಇಂಚಿನಲ್ಲಿ. ಬಂಗಾಳದ ಆ ಕಾರ್ಖಾನೆ ಸೈನ್ಯಕ್ಕೆ .303 ಮಾಡುತ್ತಿತ್ತು. ಸೈನ್ಯದ ಗುಂಡು ಜನರ ಕೈಗೆ ಸಿಗಬಾರದು ಅಂತ ಬ್ರಿಟಿಷರ ಕಾಲದಿಂದಲೇ ಕಟ್ಟಪ್ಪಣೆ ಇತ್ತು. ಅದಕ್ಕೇ ಸಾರ್ವಜನಿಕರಿಗೆ ಬೇರೆ ಅಳತೆ, ಎಂಟು ಮಿಲಿಮೀಟರಿನ ಗುಂಡು. ಮೈಕಟ್ಟು ಮಾತ್ರ ಸೈನ್ಯದ .303ರ ಹಾಗೇ ಲೀ-ಎನ್‌ಫೀಲ್ಡ್ ಮನೆತನದ್ದು. ಮಾವನ ಅಪ್ಪ ಇದನ್ನು 1968ರಲ್ಲಿ ಕೊಂಡರಂತೆ. ಮನೆಯಲ್ಲಿ ಅವರನ್ನು ಎಲ್ಲರೂ ದೊಡ್ಡಪ್ಪಾರು ಅನ್ನುತ್ತಾರೆ. ನಾನು ಅವರನ್ನು ಫೋಟೊದಲ್ಲಷ್ಟೇ ನೋಡಿದ್ದೇನೆ. ಆರಡಿ ಆಳು, ಬಾಗಿಲ ಚೌಕಟ್ಟಿಗೆ ತಲೆ ತಾಗುವಷ್ಟು ಎತ್ತರ. ಈ ಎತ್ತರದ ವಿಷಯ ಮುಂದೆ ಬರುತ್ತದೆ.

ಮಾವ ಬ್ಯಾಟಿ, ಅಂದರೆ ಬೇಟೆ, ಕಂಡದ್ದು ಅಪ್ಪನ ಬೆನ್ನ ಹಿಂದೆ ನಡೆಯುವ ವಯಸ್ಸಿನಲ್ಲಿ. 1972ಕ್ಕೆ ವನ್ಯಜೀವಿ ಕಾಯ್ದೆ ಬಂತು. 1974ಕ್ಕೆ ರಾಣೆಬೆನ್ನೂರಿನ ಕುರುಚಲು ಕಾಡು ಚಿಗರಿಗಳ (ಕೃಷ್ಣಮೃಗಗಳ) ಅಭಯಾರಣ್ಯವಾಯಿತು. 1991ರ ತಿದ್ದುಪಡಿಯಲ್ಲಿ ಬೇಟೆ ಲೈಸೆನ್ಸ್ ಅನ್ನುವುದೇ ಹೋಯಿತು. ಆಗಬೇಕಾದ್ದೇ ಆಯಿತು ಅನ್ನುವವನು ನಾನು. ಮಾವನೂ ಹಾಗೇ ಅನ್ನುತ್ತಾರೆ, ಆದರೆ ಸ್ವಲ್ಪ ತಡೆದು. ಈಗ ಅವರ ಬಂದೂಕು ಮನೆಯ ಹೊರಗೆ ಬರುವುದು ಮೂರೇ ಸಲ. ದಸರೆಯಲ್ಲಿ ಆಯುಧಗಳಿಗೆ ಮಾಡುವ ಖಂಡೆ ಪೂಜೆಗೆ ಅಂಗಳದವರೆಗೆ. ಲೈಸೆನ್ಸ್ ನವೀಕರಣಕ್ಕೆ, ಅದೂ ಈಗ ಐದು ವರ್ಷಕ್ಕೊಮ್ಮೆ. ಆಮೇಲೆ ಚುನಾವಣೆ ಬಂದಾಗ ಠಾಣೆಗೆ.

ಕಟ್ಟಿಗೆಯಲ್ಲಿ ಸೀಳು ಹುಟ್ಟಿದ ಕತೆ ಅಲ್ಲಿಂದಲೇ ಶುರು. 2024ರ ಮಾರ್ಚಿನಲ್ಲಿ ಲೋಕಸಭೆ ಚುನಾವಣೆ ಘೋಷಣೆಯಾಯಿತು, ಬಂದೂಕು ಜಮಾ ಮಾಡಿದರು. ನಮ್ಮ ಕಡೆ ಮೇ 7ಕ್ಕೆ ಮತದಾನ, ಜೂನ್ 4ಕ್ಕೆ ಎಣಿಕೆ. ವಾಪಸು ಬರುವಾಗ ಮಿರಗದ ಮಳೆ ಹಿಡಿದಿತ್ತು. ಮನೆಗೆ ತಂದು ಒರೆಸುವಾಗ ಮುಂದಿನ ಕಟ್ಟಿಗೆಯ ಹಿಂತುದಿಯಲ್ಲಿ ಸೀಳು ಕಂಡಿದೆ. ಮಾವ ಒಂದು ತಿಂಗಳು ಅದನ್ನೇ ಆಡಿದರು. "ಎಲ್ಲೋ ಒಗದಾರ ಅಳಿಯಂದ್ರ, ನನಗ ಗೊತ್ತದ. ಕಟ್ಟಿಗಿ ಸುಮ್ನ ಸೀಳತದೇನ್ರಿ?"

ಅಂಗಡಿಯಲ್ಲಿ ಮಿಸ್ತ್ರಿ ಕನ್ನಡಕ ಹಣೆಗೇರಿಸಿ ಸೀಳನ್ನು ನೋಡಿದರು. ಮಾತಾಡಲಿಲ್ಲ. ಮುಂದಿನ ಕಟ್ಟಿಗೆ ಬಿಚ್ಚಿ ತಿರುವಿ ಹಿಡಿದರು. ಈ ಜಾತಿಯ ಬಂದೂಕಿನ ಕಟ್ಟಿಗೆ ಒಂದೇ ತುಂಡಲ್ಲ. ಹೆಗಲಿಗೆ ಆನಿಸುವ ಬಟ್ ಬೇರೆ, ನಳಿಗೆಯ ಕೆಳಗಿನ ತುಂಡು ಬೇರೆ, ನಡುವೆ ಕಬ್ಬಿಣ. ಬಟ್ಟನ್ನು ಕಬ್ಬಿಣಕ್ಕೆ ಬಿಗಿಯುವುದು ಅದರ ಹೊಟ್ಟೆಯೊಳಗಿಂದ ಹಾದುಹೋಗುವ ಒಂದು ಉದ್ದನೆ ಬೋಲ್ಟು. ಆ ಬೋಲ್ಟಿನ ಮೂತಿ ಚೌಕ. ಅದು ಕಬ್ಬಿಣ ದಾಟಿ ಮುಂದೆ ಚಾಚಿ, ಮುಂದಿನ ಕಟ್ಟಿಗೆಯ ಹಿಂತುದಿಯಲ್ಲಿರುವ ಸಣ್ಣ ತಗಡಿನ ಸಂದಿನಲ್ಲಿ ಕೂರುತ್ತದೆ, ಬೋಲ್ಟು ತಾನಾಗಿ ಸಡಿಲಾಗದಿರಲಿ ಅಂತ. ಮುಂದಿನ ಕಟ್ಟಿಗೆ ಇದ್ದ ಹಾಗೇ ಯಾರಾದರೂ ಬೋಲ್ಟು ತಿರುವಿದರೋ, ಚೌಕದ ಮೂತಿ ಒಳಗೆ ಹೊರಳಿ ಕಟ್ಟಿಗೆಯನ್ನು ಬೆಣೆ ಹಾಕಿದ ಹಾಗೆ ಸೀಳುತ್ತದೆ.

"ಇದು ಬಿದ್ದು ಸೀಳಿದ್ದಲ್ರಿ ಯಜಮಾನ್ರ. ಯಾರೋ ಹಿಂದಿಂದ ಬೋಲ್ಟ್ ಟೈಟ್ ಮಾಡ್ಯಾರ," ಅಂದರು ಮಿಸ್ತ್ರಿ.

ಮಾವ ಗೋಡೆಯ ಕ್ಯಾಲೆಂಡರ್ ನೋಡತೊಡಗಿದರು. ಎರಡು ವರ್ಷದ ಹಿಂದೆ ದಸರಾದಲ್ಲಿ ಬಟ್ ಲಟಪಟ ಅನ್ನುತ್ತಿದೆ ಅಂತ ಟ್ರ್ಯಾಕ್ಟರಿನ ಉದ್ದನೆ ಸ್ಕ್ರೂ ಡ್ರೈವರ್ ತರಿಸಿ, ಅಂಗಳದಲ್ಲಿ ಕೂತು ಅದನ್ನು ಬಿಗಿ ಮಾಡಿದ್ದು ಅವರೇ. ಆ ಸ್ಕ್ರೂ ಡ್ರೈವರ್ ತಂದುಕೊಟ್ಟವನು ನಾನು. ಇಬ್ಬರೂ ಚಹಾ ಕುಡಿದೆವು. ಠಾಣೆಯ ಸುದ್ದಿ ಅಲ್ಲಿಗೆ ನಿಂತಿತು.

ಎಣ್ಣೆ ತೆಗೆಯುವ ಕೆಲಸ

ಸೀಳು ಏಳು ಸೆಂಟಿಮೀಟರ್. ಅಂಟು ಹಾಕಿದರೆ ಮುಗಿಯಿತು ಅಂದುಕೊಂಡಿದ್ದೆ. ಆದರೆ ಐವತ್ತಾರು ವರ್ಷ ಎಣ್ಣೆ ಕುಡಿದ ಕಟ್ಟಿಗೆಗೆ ಅಂಟು ಹಿಡಿಯುವುದಿಲ್ಲ. ನಳಿಗೆಗೆ ಹಚ್ಚಿದ ಎಣ್ಣೆ ಜಾರಿ ಜಾರಿ ಕಟ್ಟಿಗೆಯ ಹಿಂತುದಿಯಲ್ಲಿ ಇಳಿದು ಅಲ್ಲಿ ಕಪ್ಪಗೆ, ಮೆತ್ತಗೆ ಆಗಿತ್ತು. ಉಗುರು ಒತ್ತಿದರೆ ಗುರುತು ಬೀಳುವಷ್ಟು. ಬಂದೂಕನ್ನು ಮೂತಿ ಮೇಲೆ ಮಾಡಿ ಮೂಲೆಗೆ ನಿಲ್ಲಿಸುವ ಮನೆಗಳಲ್ಲಿ ಹೀಗೇ ಆಗುತ್ತದೆ. ಎಣ್ಣೆ ಹಾಕಿದ ಮೇಲೆ ಒಂದೆರಡು ದಿನ ಮೂತಿ ಕೆಳಗೆ ಮಾಡಿ ಇಡಿ. ಪೂರ್ತಿ ಬರಹದಲ್ಲಿ ಇದೊಂದನ್ನು ನೆನಪಿಟ್ಟರೂ ಸಾಕು.

ಬೇಸಿಗೆಯಾಗಿದ್ದರೆ ಕಪ್ಪು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ತಾರಸಿಯ ಮೇಲೆ ಇಟ್ಟರೆ ಎಣ್ಣೆ ತಾನಾಗಿ ಬೆವರಿ ಬರುತ್ತದೆ. ಮಳೆಗಾಲದ ಧಾರವಾಡದಲ್ಲಿ ಬಿಸಿಲನ್ನು ಎಲ್ಲಿಂದ ತರಲಿ? ಹೆಂಡತಿಯ ಹೇರ್ ಡ್ರೈಯರ್ ತಗೊಂಡೆ. ಪೇಂಟ್ ಅಂಗಡಿಯಲ್ಲಿ ಪುಟ್ಟಿ ಮಾಡಲಿಕ್ಕೆ ಮಾರುವ ಚಾಕ್ ಪೌಡರನ್ನು ಅಸಿಟೋನಿನಲ್ಲಿ ಕಲಸಿ, ಇಡ್ಲಿ ಹಿಟ್ಟಿನ ಹದಕ್ಕೆ ತಂದು ಬಳಿದೆ. ಅಸಿಟೋನ್ ಆವಿಯಾಗುವಾಗ ಹೇರ್ ಡ್ರೈಯರ್ ಹತ್ತಿರ ತರಬೇಡಿ, ಬೆಂಕಿ ಹತ್ತುತ್ತದೆ. ಬಿಳಿ ಪುಡಿ ಒಣಗಿದ ಮೇಲೆ ಬಿಸಿಗಾಳಿ ಹಿಡಿದೆ. ಅರ್ಧ ತಾಸಿನಲ್ಲಿ ಅದು ಹಳದಿಯಾಯಿತು, ಮರುದಿನಕ್ಕೆ ಕಾಫಿ ಬಣ್ಣ. ಕೆರೆದು ತೆಗೆದೆ, ಮತ್ತೆ ಬಳಿದೆ. ಹೀಗೆ ಆರು ಸಲ. ಆರನೇ ಸಲ ಪುಡಿ ಬೆಳ್ಳಗೇ ಉಳಿದಾಗ ನಿಲ್ಲಿಸಿದೆ.

ಕಪ್ಪು ಹೋದ ಮೇಲೆ ಅಕ್ರೋಟ ಕಟ್ಟಿಗೆಯ ನಿಜವಾದ ಬಣ್ಣ ಕಂಡಿತು. ತೆಳು ಕಂದು, ನಡುನಡುವೆ ಹೊಗೆ ಹಾದುಹೋದಂಥ ಎಳೆಗಳು. ನಮ್ಮ ಸಾಗವಾನಿಯ ಮುಂದೆ ಇದು ಏನೂ ಅಲ್ಲ ಅಂತ ಹೇಳಬೇಕು ಅಂದುಕೊಂಡಿದ್ದೆ. ಹೇಳಲಾರೆ.

ಸೀಳಿಗೆ ನಿಧಾನ ಹಿಡಿಯುವ ಅರಾಲ್ಡೈಟ್. ಐದು ನಿಮಿಷದ್ದು ಬೇಡ, ಅದು ಒಳಗೆ ಇಳಿಯುವ ಮೊದಲೇ ಗಟ್ಟಿಯಾಗುತ್ತದೆ. ಸ್ವಲ್ಪ ಬಿಸಿ ಮಾಡಿದರೆ ನೀರಾಗಿ ಓಡುತ್ತದೆ. ಸೀಳಿನ ಒಂದು ಬದಿಗೆ ಅಂಟು ಇಟ್ಟು ಇನ್ನೊಂದು ಬದಿಯಿಂದ ಬಾಯಿಂದ ಜೋರಾಗಿ ಎಳೆದವನು ಪೆಟ್ಟು ತಿನ್ನುತ್ತಾನೆ, ಹಾಗಾಗಿ ನಾನು ವ್ಯಾಕ್ಯೂಮ್ ಕ್ಲೀನರಿನ ಮೂತಿ ಹಿಡಿದೆ. ಅಂಟು ಆ ಕಡೆಯ ತುದಿಯಲ್ಲಿ ಇಬ್ಬನಿಯ ಹಾಗೆ ಹನಿಯಿತು. ಈ ಆಕಾರಕ್ಕೆ ಕ್ಲ್ಯಾಂಪ್ ಕೂರುವುದಿಲ್ಲ. ಸೈಕಲ್ ಟ್ಯೂಬನ್ನು ಉದ್ದಕ್ಕೆ ಕತ್ತರಿಸಿ, ಎಳೆದೆಳೆದು ಸುತ್ತಿದೆ. ಒಂದು ದಿನ ಬಿಟ್ಟೆ. ಆಮೇಲೆ ಸೀಳಿಗೆ ಅಡ್ಡವಾಗಿ, ಕಬ್ಬಿಣ ಮುಚ್ಚುವ ಜಾಗದಲ್ಲಿ, ಮೂರು ಮಿಲಿಮೀಟರಿನ ಹಿತ್ತಾಳೆ ಕಡ್ಡಿ ಕೂರಿಸಿದೆ. ಹೊರಗೆ ಕಾಣುವುದಿಲ್ಲ.

ಒಂದು ಕಡೆ ಚಕ್ಕೆ ಹಾರಿತ್ತು. ಹುಬ್ಬಳ್ಳಿಯ ಮೂರು ಸಾ ಮಿಲ್ಲುಗಳಲ್ಲಿ ಅಕ್ರೋಟ ಕೇಳಿದೆ. ಒಬ್ಬ ತಿನ್ನುವ ಅಕ್ರೋಟ ಅಂದುಕೊಂಡು ಕಿರಾಣಿ ಅಂಗಡಿ ತೋರಿಸಿದ. ಕೊನೆಗೆ ಸಿಕ್ಕದ್ದು ಮನೆಯಲ್ಲೇ. ಕಾಶ್ಮೀರಕ್ಕೆ ಹೋದಾಗ ಹೆಂಡತಿ ತಂದಿದ್ದ ಕೆತ್ತನೆ ಟ್ರೇಯ ಒಂದು ಹಿಡಿಕೆ ಮುರಿದು ಅಟ್ಟದಲ್ಲಿ ಬಿದ್ದಿತ್ತು. ಅದೂ ಅಕ್ರೋಟವೇ. ಉಗುರಿನಷ್ಟು ತುಂಡು ಕೊಯ್ದು, ಎಳೆಯ ದಿಕ್ಕು ಹೊಂದಿಸಿ ಕೂರಿಸಿದೆ. ಅಪ್ಪನ ಬಂದೂಕಿಗೆ ಅಂದದ್ದಕ್ಕೆ ಆಕೆ ಏನೂ ಅನ್ನಲಿಲ್ಲ.

ನೆಗ್ಗು

ಬಟ್ಟಿನ ಎಡಬದಿಯಲ್ಲಿ ಒಂದು ಆಳವಾದ ನೆಗ್ಗು ಇತ್ತು, ಹುಣಸೆ ಬೀಜದ ಅಳತೆಯದು. ನೆಗ್ಗು ಎಬ್ಬಿಸುವುದು ಸುಲಭ. ಒದ್ದೆ ಅರಿವೆ ಇಟ್ಟು ಇಸ್ತ್ರಿ ಒತ್ತಿದರೆ ಹಬೆ ಒಳಗೆ ಹೋಗಿ ಅದುಮಿದ ಎಳೆಗಳು ಉಬ್ಬಿ ಮೇಲೆ ಬರುತ್ತವೆ. ಎಳೆ ಕತ್ತರಿಸಿ ಹೋಗಿದ್ದರೆ ಬರುವುದಿಲ್ಲ. ಸಣ್ಣಪುಟ್ಟವು ಹತ್ತು ಹನ್ನೆರಡು ಹೀಗೆ ಎದ್ದವು. ಆ ದೊಡ್ಡ ನೆಗ್ಗನ್ನು ಮಾತ್ರ ಬಿಟ್ಟೆ. ಬಿಡಬೇಕು ಅಂತಲೇ ಬಿಟ್ಟೆ.

ಬೇಟೆಗಾರರು ಮತ್ತು ಅವರ ಬಂದೂಕಿನ ಬಗ್ಗೆ ಅಷ್ಟಿಷ್ಟು ಓದಿಕೊಂಡಿದ್ದೆ. ಚಂಪಾವತದ ನರಭಕ್ಷಕ ಹುಲಿಯನ್ನು 1907ರಲ್ಲಿ ಹೊಡೆದದ್ದಕ್ಕೆ ಜಿಮ್ ಕಾರ್ಬೆಟ್ಟರಿಗೆ .275 ರಿಗ್ಬಿ ರೈಫಲ್ ಬಹುಮಾನ ಬಂತು. ಅದರ ಬಟ್ಟಿನ ಮೇಲೆ ಬೆಳ್ಳಿ ಫಲಕ, ಅದರಲ್ಲಿ ಈ ಸಂಗತಿ ಕೆತ್ತಿದ್ದಾರೆ. ಅದು ಈಗ ಮಾಡಿದ ಕಂಪನಿಯ ಬಳಿಗೇ ವಾಪಸು ಹೋಗಿದೆ. ನಮ್ಮ ಕಡೆಯ ಕಾಡುಗಳಲ್ಲೇ ಓಡಾಡಿದ ಕೆನೆತ್ ಆಂಡರ್ಸನ್ನರು .405 ವಿಂಚೆಸ್ಟರನ್ನು ಬಿಟ್ಟು ಕದಲಲಿಲ್ಲ. ಇಂಥ ಬಂದೂಕಿನ ಮೇಲಿನ ಒಂದೊಂದು ಗೀರಿಗೂ ಒಂದು ಕತೆ ಇರುತ್ತದೆ, ಅದನ್ನು ಅಳಿಸುವವನು ಪಾಪಿ ಅಂತ ನನ್ನ ತಲೆಯಲ್ಲಿ ಕೂತುಬಿಟ್ಟಿತ್ತು.

ಬಟ್ಟಿನ ತುದಿಯ ತಗಡನ್ನು ಬಿಚ್ಚಿದಾಗ ಅದರ ಅಡಿಯಲ್ಲಿ ಒಂದು ಚರ್ಮದ ತುಂಡು ಸಿಕ್ಕಿತು. ಹಳೆಯ ಚಪ್ಪಲಿಯ ಅಟ್ಟೆ. ಬಟ್ಟಿನ ಆಕಾರಕ್ಕೆ ಕೊಯ್ದು, ತಗಡಿಗೂ ಕಟ್ಟಿಗೆಗೂ ನಡುವೆ ಕೂರಿಸಿದ್ದರು. ದಪ್ಪ ಹನ್ನೆರಡು ಮಿಲಿಮೀಟರ್. ಅಷ್ಟು ದಪ್ಪಕ್ಕೆ ಹಳೆಯ ಸ್ಕ್ರೂ ಸಾಲದೆ ಉದ್ದನೆ ಹಿತ್ತಾಳೆ ಸ್ಕ್ರೂ ಹಾಕಿದ್ದಾರೆ. ಚರ್ಮದಲ್ಲಿನ ಕೊಬ್ಬು, ಹಿತ್ತಾಳೆಯಲ್ಲಿನ ತಾಮ್ರ ಎರಡೂ ಸೇರಿ ಸ್ಕ್ರೂ ಸುತ್ತ ಹಸಿರು ಕಿಲುಬು, ಮೇಣದ ಹಾಗೆ. ಚರ್ಮ ತೇವ ಹಿಡಿದಿಟ್ಟು ತಗಡಿನ ಒಳಮೈ ತುಕ್ಕು ತಿಂದಿತ್ತು. ಕೆಟ್ಟ ವಾಸನೆ ಬೇರೆ. ಕಸದ ಚೀಲಕ್ಕೆ ಹಾಕಿದೆ.

ಲೆಕ್ಕ ನನ್ನ ಪರವಾಗಿಯೇ ಇತ್ತು. ಟ್ರಿಗರಿನಿಂದ ಬಟ್ಟಿನ ತುದಿಯವರೆಗಿನ ಅಳತೆ, ಬಂದೂಕು ಮೈಗೆ ಕೂರುತ್ತದೋ ಇಲ್ಲವೋ ಅನ್ನುವುದನ್ನು ಹೇಳುವ ಅಳತೆ. ಚರ್ಮ ಇದ್ದಾಗ ಮೂವತ್ತನಾಲ್ಕೂವರೆ ಸೆಂಟಿಮೀಟರ್, ತೆಗೆದ ಮೇಲೆ ಸುಮಾರು ಮೂವತ್ತಮೂರು. ಆರಡಿ ದೊಡ್ಡಪ್ಪಾರಿಗೆ ಉದ್ದ ಬೇಕಿತ್ತು, ಹಾಕಿಸಿಕೊಂಡರು. ಮಾವ ಐದಡಿ ನಾಲ್ಕಿಂಚು. ಅವರಿಗೆ ಚಿಕ್ಕದೇ ಸರಿ ಅಲ್ವಾ?

ಅಗಸಿ ಎಣ್ಣೆ

ಕಟ್ಟಿಗೆಗೆ ಅಗಸಿ ಎಣ್ಣೆಯೇ ಹಚ್ಚಬೇಕು, ಅದೂ ಗಾಣದ್ದೇ ಅಂತ ಮಾವನ ಅಪ್ಪಣೆ. ಅತ್ತೆ ಒಂದು ಬಾಟಲಿ ಕಳಿಸಿದರು, ಜೊತೆಗೆ ಒಂದು ಡಬ್ಬಿ ಅಗಸಿ ಚಟ್ನಿಪುಡಿ. ಚಟ್ನಿಪುಡಿ ಮೂರು ದಿನದಲ್ಲಿ ಮುಗಿಯಿತು. ಎಣ್ಣೆ ಒಂಬತ್ತು ದಿನವಾದರೂ ಒಣಗಲಿಲ್ಲ. ಪುಣ್ಯಕ್ಕೆ ಬೇರೆ ತುಂಡಿನ ಮೇಲೆ ಹಚ್ಚಿ ನೋಡಿದ್ದೆ. ಅಂಟಂಟು, ಮೇಲೊಂದು ಇರುವೆ ಸಿಕ್ಕಿಬಿದ್ದಿತ್ತು.

ಅಗಸಿ ಎಣ್ಣೆ ಒಣಗುವುದು ಅಂದರೆ ನೀರಿನ ಹಾಗೆ ಆರುವುದಲ್ಲ. ಗಾಳಿಯ ಆಮ್ಲಜನಕ ಹಿಡಿದುಕೊಂಡು ಗಟ್ಟಿಯಾಗುವುದು. ಹಸಿ ಎಣ್ಣೆಗೆ ಅದಕ್ಕೆ ವಾರಗಟ್ಟಲೆ ಬೇಕು, ಮಳೆಗಾಲದಲ್ಲಿ ಇನ್ನೂ ಜಾಸ್ತಿ. ಪೇಂಟ್ ಅಂಗಡಿಯಲ್ಲಿ ಡಬಲ್ ಬಾಯ್ಲ್ಡ್ ಅಂತ ಸಿಗುವುದರಲ್ಲಿ ಬೇಗ ಒಣಗಿಸುವ ಲೋಹದ ಉಪ್ಪು ಸೇರಿಸಿರುತ್ತಾರೆ. ಅದು ತಿನ್ನುವುದಲ್ಲ, ಬಾಟಲಿ ಅಡಿಗೆಮನೆಯಲ್ಲಿ ಇಡಬೇಡಿ. ಅದನ್ನೇ ತಂದೆ. ಮಾವನಿಗೆ ಗಾಣದ್ದೇ ಅಂತ ಹೇಳಿದೆ. ಈಗ ಇದನ್ನು ಓದಿದರೆ ಗೊತ್ತಾಗುತ್ತದೆ, ಆಗಲಿ.

ಹಚ್ಚುವ ರೀತಿ ಇಷ್ಟೇ. ಅಂಗೈಗೆ ನಾಲ್ಕು ಹನಿ, ಕಟ್ಟಿಗೆ ಬಿಸಿಯಾಗುವವರೆಗೆ ತಿಕ್ಕುವುದು, ಹತ್ತು ನಿಮಿಷ ಬಿಟ್ಟು ಉಳಿದದ್ದನ್ನು ಪೂರ್ತಿ ಒರೆಸುವುದು. ಒರೆಸದಿದ್ದರೆ ಜಿಗುಟು. ಮೊದಲ ಎರಡು ಕೈ 400 ನಂಬರಿನ ಸ್ಯಾಂಡ್ ಪೇಪರಿನಿಂದ ಎಣ್ಣೆಯ ಜೊತೆಗೇ ಉಜ್ಜಿದೆ. ಕಟ್ಟಿಗೆಯ ಪುಡಿ ಎಣ್ಣೆಯಲ್ಲಿ ಕೆಸರಾಗಿ ರಂಧ್ರ ತುಂಬುತ್ತದೆ. ಕಬ್ಬಿಣಕ್ಕೆ ತಾಗುವ ಅಂಚುಗಳ ಹತ್ತಿರ ಪೇಪರ್ ತರಲೇ ಇಲ್ಲ. ಅಲ್ಲಿ ಕಟ್ಟಿಗೆ ಕಬ್ಬಿಣಕ್ಕಿಂತ ಕೂದಲೆಳೆಯಷ್ಟು ಎತ್ತರ ಇರಬೇಕು, ತಗ್ಗಿದರೆ ಬಂದೂಕು ಸವೆದ ಹಲ್ಲಿನ ಹಾಗೆ ಕಾಣುತ್ತದೆ. ಅಂಚಿನ ಸಂದಿನಲ್ಲಿ ವರ್ಷ ವರ್ಷದ ಖಂಡೆ ಪೂಜೆಯ ಕುಂಕುಮ ಗಟ್ಟಿಯಾಗಿ ಕೂತಿತ್ತು. ಟೂತ್ ಬ್ರಷ್ ಹಿಡಿದು ಎರಡು ತಾಸು ತಿಕ್ಕಿ ತೆಗೆದೆ. ಒಟ್ಟು ಒಂಬತ್ತು ಕೈ ಎಣ್ಣೆ, ಒಂದೊಂದಕ್ಕೂ ಮೂರು ದಿನ.

ಮೂರನೇ ಕೈಯ ದಿನ ಒಂದು ಅನಾಹುತ ತಪ್ಪಿತು. ಎಣ್ಣೆ ಒರೆಸಿದ ಅರಿವೆಗಳನ್ನು ಮುದ್ದೆ ಮಾಡಿ ಹಳೆಯ ಪೇಂಟ್ ಡಬ್ಬಿಗೆ ತುರುಕಿ, ಊಟಕ್ಕೆ ಹೋದೆ. ವಾಪಸು ಬಂದಾಗ ಬಾಣಲೆ ಸೀದ ಹಾಗೆ ವಾಸನೆ. ಡಬ್ಬಿ ಮುಟ್ಟಿದೆ, ಚಹಾ ಲೋಟದಷ್ಟು ಬಿಸಿ. ಯಾರೂ ಬೆಂಕಿ ಹಚ್ಚಿಲ್ಲ. ಎಣ್ಣೆ ಗಟ್ಟಿಯಾಗುವಾಗ ಶಾಖ ಬಿಡುತ್ತದೆ, ಮುದ್ದೆಯೊಳಗೆ ಆ ಶಾಖ ಸಿಕ್ಕಿಬಿದ್ದರೆ ಅರಿವೆ ತಾನಾಗಿಯೇ ಹತ್ತಿಕೊಳ್ಳುತ್ತದೆ. ಇದನ್ನು ಓದಿದ್ದೆ. ಓದಿಯೂ ಮುದ್ದೆ ಮಾಡಿದ್ದೆ. ಅಂದಿನಿಂದ ಅರಿವೆಯನ್ನು ನೀರಿನ ಬಕೆಟ್ಟಿಗೆ ಹಾಕುತ್ತೇನೆ, ಇಲ್ಲವೇ ಅಂಗಳದ ತಂತಿಯ ಮೇಲೆ ಬಿಡಿಸಿ ಹಾಕುತ್ತೇನೆ.

ಅಂಗಡಿಯಲ್ಲಿ

ಗಣೇಶ ಚೌತಿ ಮುಗಿದ ವಾರ ಮಿಸ್ತ್ರಿ ಕಟ್ಟಿಗೆ ಕೂರಿಸಿದರು. ಮೊದಲು ಬಟ್, ಬೋಲ್ಟು ಬಿಗಿ ಮಾಡಿ ಚೌಕದ ಮೂತಿಯನ್ನು ನೇರಕ್ಕೆ ತಂದು, ಆಮೇಲೆ ಮುಂದಿನ ಕಟ್ಟಿಗೆ. ಮಾಡುವಾಗ ಒಮ್ಮೆ ಮಾವನ ಕಡೆ ನೋಡಿದರು ಕೂಡ. ಬಂದೂಕು ಖಾಲಿ ಇದೆ ಅಂತ ತೋರಿಸಿ ಮಾವನ ಕೈಗೆ ಕೊಟ್ಟರು.

ಮಾವ ಮೊದಲು ಎಡಬದಿ ತಿರುವಿ ನೋಡಿದರು. ಹೆಬ್ಬೆರಳು ನೆಗ್ಗಿನ ಮೇಲೆ ಹೋಯಿತು. ನನಗೆ ಒಳಗೊಳಗೇ ಹಿಗ್ಗು.

"ಇದನ್ಯಾಕ ಬಿಟ್ರಿ?"

"ಅದು ಹಳೇದು, ಇರ್ಲಿ ಅಂತ ಬಿಟ್ಟೆ ಮಾವಾರ."

"ನಮ್ಮ ತಮ್ಮ ಚಕ್ಕಡಿಯಿಂದ ಕೆಡವಿದ್ದು ಅದು. ನೋಡಿದಾಗೊಮ್ಮೆ ಸಿಟ್ಟು ಬರ್ತದ. ಐವತ್ತು ವರ್ಷ ಆತು."

ಆಮೇಲೆ ಹೆಗಲಿಗೇರಿಸಿದರು. ಗೋಡೆಯ ಕಡೆ ಮುಖ ಮಾಡಿ ಹಿಡಿದರು, ಇಳಿಸಿದರು, ಮತ್ತೆ ಹಿಡಿದರು. ಕತ್ತನ್ನು ಆ ಕಡೆ ಈ ಕಡೆ ಸರಿಸಿದರು. ಮನೆಯಲ್ಲಿ ತಮ್ಮ ದಿಂಬು ಬದಲಾದರೆ ರಾತ್ರಿ ಹೊರಳಾಡುವವರ ಹಾಗೆ.

"ಗಲ್ಲ ಕೂಡವಲ್ದು," ಅಂದರು. "ಇದು ನಮ್ಮದಲ್ಲ."

ಚರ್ಮದ ವಿಷಯ ಹೇಳಿದೆ. ಅಳತೆ ಹೇಳಿದೆ. ಐದಡಿ ನಾಲ್ಕಿಂಚಿನವರಿಗೆ ಇದೇ ಸರಿ ಅಂತ ಮಿಸ್ತ್ರಿ ಕೂಡ ಹೂಂ ಅಂದರು. ಮಾವ ಎಲ್ಲಾ ಕೇಳಿದರು. ಹದಿಮೂರನೇ ವಯಸ್ಸಿನಲ್ಲಿ ಅಪ್ಪ ಮೊದಲ ಸಲ ಇದನ್ನು ಹಿಡಿಸಿದಾಗ ಬಟ್ ಕಂಕುಳಿಗೆ ಬರುತ್ತಿತ್ತಂತೆ. ಟ್ರಿಗರಿಗೆ ಬೆರಳು ಮುಟ್ಟಲಿಕ್ಕೆ ಕತ್ತು ಉದ್ದ ಮಾಡಿ, ಗಲ್ಲವನ್ನು ಮುಂದೆ ಚಾಚಿ ಹಿಡಿಯುವುದನ್ನು ಕಲಿತರು. ಬೆಳೆದ ಮೇಲೂ ಅದೇ ಹಿಡಿತ. ಈಗ ಚಿಕ್ಕದಾದ ಬಟ್ಟಿನ ಮೇಲೆ ಹಾಗೆ ಗಲ್ಲ ಚಾಚಿದರೆ ಮೂಗು ಹೋಗಿ ಬಲಗೈ ಹೆಬ್ಬೆರಳಿಗೆ ತಾಗುತ್ತದೆ. ಗುಂಡು ಹಾರಿದರೆ ಮೂಗಿಗೇ ಪೆಟ್ಟು. ನನ್ನ ಅಳತೆ ಸರಿಯೇ ಇತ್ತು, ಮೈ ಮಾತ್ರ ಬೇರೆ ಅಳತೆಗೆ ಪಳಗಿತ್ತು.

"ಅಟ್ಟಿ ಎಲ್ಲೈತ್ರಿ?"

ಕಸದ ಚೀಲ ಇನ್ನೂ ಒಗೆದಿರಲಿಲ್ಲ, ನನ್ನ ಸೋಮಾರಿತನಕ್ಕೆ ಮೊದಲ ಸಲ ಕೈ ಮುಗಿದೆ. ಆ ರಾತ್ರಿ ಎರಡು ತಿಂಗಳ ಕಟ್ಟಿಗೆ ಪುಡಿಯಲ್ಲಿ ಕೈಯಾಡಿಸಿ ಹುಡುಕಿದೆ. ಸಿಕ್ಕಿತು, ಒಣಗಿ ಹಪ್ಪಳದ ಹಾಗೆ ಸೊಟ್ಟಗಾಗಿತ್ತು. ಕಿಲುಬು ಕೆರೆದು, ಒದ್ದೆ ಅರಿವೆಯಲ್ಲಿ ಸುತ್ತಿ, ಎರಡು ಹಲಗೆಯ ನಡುವೆ ಒತ್ತಿಟ್ಟು ನೇರ ಮಾಡಿದೆ. ಪೂರ್ತಿ ಒಣಗಿದ ಮೇಲೆ ಕಾಯಿಸಿದ ಜೇನುಮೇಣ ಕುಡಿಸಿದೆ, ಇನ್ನು ತೇವ ಹಿಡಿಯದಿರಲಿ ಅಂತ. ಬಟ್ಟಿನ ತುದಿಗೂ ಎಣ್ಣೆ ಹಚ್ಚಿದೆ, ಎಣ್ಣೆ ಕಾಣದ ಕಟ್ಟಿಗೆಗೆ ನೀರು ಹೋಗುವುದೇ ಆ ತುದಿಯಿಂದ. ಹಿತ್ತಾಳೆ ಸ್ಕ್ರೂ ಬದಲು ಸ್ಟೀಲಿನದು ಹಾಕಲೇ ಅಂತ ಫೋನಿನಲ್ಲಿ ಕೇಳಿದೆ, ಹೆದರುತ್ತಲೇ.

"ಸ್ಕ್ರೂ ಯಾವುದರ ಹಾಕ್ರಿ. ಅದರಾಗೇನೈತಿ," ಅಂದರು.

ನೆಗ್ಗನ್ನೂ ಮಿಸ್ತ್ರಿಯ ಎದುರಿಗೇ ಇಸ್ತ್ರಿ ಇಟ್ಟು ಎಬ್ಬಿಸಿದೆ. ಮುಕ್ಕಾಲು ಎದ್ದಿತು, ನಡುವೆ ಎಳೆ ಹರಿದಿದ್ದರಿಂದ ಸ್ವಲ್ಪ ಉಳಿಯಿತು. ತಮ್ಮನ ಮೇಲಿನ ಸಿಟ್ಟೂ ಅಷ್ಟೇ ಉಳಿದಿರಬಹುದು. ಈ ಸಲ ಹೆಗಲಿಗೇರಿಸಿದವರು ಒಮ್ಮೆ ಹಿಡಿದು ಇಳಿಸಿಬಿಟ್ಟರು. ಎರಡನೇ ಸಲ ನೋಡಲಿಲ್ಲ.

ನವರಾತ್ರಿಗೆ ಹಾನಗಲ್ಲಿಗೆ ಹೋಗಿದ್ದೆವು. ಖಂಡೆ ಪೂಜೆಯ ದಿನ ಕುಡ, ಕುಡಗೋಲು, ಟ್ರ್ಯಾಕ್ಟರ್ ಕೀಲಿಕೈ ಎಲ್ಲದರ ನಡುವೆ ಕಂಬಳಿಯ ಮೇಲೆ ಬಂದೂಕು ಮಲಗಿತ್ತು. ಕುಂಕುಮ ಹಚ್ಚಬೇಡಿ, ಹೂವು ಏರಿಸಿದರೆ ಸಾಕು ಅಂತ ಅತ್ತೆಗೆ ಹಿಂದಿನ ರಾತ್ರಿಯೇ ಬಿಡಿಸಿ ಹೇಳಿದ್ದೆ. ತೇವದ ಕುಂಕುಮ ಕಟ್ಟಿಗೆಗೂ ಕೇಡು, ಕಬ್ಬಿಣಕ್ಕೂ ಕೇಡು. ಅವರು ಹೂಂ ಅಂದಿದ್ದರು. ಬೆಳಿಗ್ಗೆ ಮಡಿಯಲ್ಲಿ ಬಂದವರು ಅರಿಷಿಣ ಕುಂಕುಮದ ಬಟ್ಟಲಲ್ಲಿ ಬೆರಳದ್ದಿ, ಬಟ್ಟಿನ ಅಂಚಿನ ಮೇಲೆ ರೂಪಾಯಿ ಅಗಲದ್ದು ಇಟ್ಟರು. ನಾನು ಟೂತ್ ಬ್ರಷ್ ಹಿಡಿದು ಎರಡು ತಾಸು ತಿಕ್ಕಿದ ಜಾಗ ಅದೇ.